ಮೇಲಿನ ಅಂಕಿ, ಕೆಳಗಿನ ಅಂಕಿ

ಸುನಿತಾಳ ಕಣ್ಣಿಗೆ ಮೊದಲು ಬಿದ್ದದ್ದು ಅವನ ಹುಬ್ಬು. ಎರಡೂ ಹುಬ್ಬಿನ ಮೇಲೆ ಸಣ್ಣಗೆ ಮರದ ಪುಡಿ ಕೂತಿತ್ತು. ಕೋಪ ಕಂಡದ್ದು ಆಮೇಲೆ.

ಕೋಪವೇನೂ ಅವಳಿಗೆ ಹೊಸದಲ್ಲ. ಕೆ.ಆರ್. ಪೇಟೆಯ ಆ ಬ್ಯಾಂಕಿನ ಮೂರನೇ ಕೌಂಟರಿನಲ್ಲಿ ಏಳು ವರ್ಷದಿಂದ ಕೂತು ಜನರ ಕೋಪವನ್ನು ಊಟಕ್ಕೆ ಮುಂಚೆ ಒಂದಿಷ್ಟು, ಊಟವಾದ ಮೇಲೆ ಒಂದಿಷ್ಟು ನುಂಗಿ ಅವಳಿಗೆ ಅಭ್ಯಾಸವಾಗಿತ್ತು. ಅವನು ಎಟಿಎಂ ಚೀಟಿಯನ್ನೂ ಬೌನ್ಸಾದ ಚೆಕ್ಕನ್ನೂ ಗಾಜಿನ ಕೆಳಗಿನಿಂದ ತಳ್ಳಿದ.

"ದುಡ್ಡು ಅದೆ ಅಂತ ನಿಮ್ ಚೀಟೀನೇ ಯೋಳ್ತದೆ. ಸಾಮಿಲ್ ಸಾವ್ಕಾರ ಬಂದ್ರೆ ಇಲ್ಲ ಅಂತೀರ. ಯಾವ್ದು ಮೇಡಂ ನಿಜ?"

ಚೀಟಿಯಲ್ಲಿ ಎರಡು ಅಂಕಿಗಳಿದ್ದವು. ಮೇಲಿನದು ತೊಂಬತ್ತೊಂದು ಸಾವಿರ, ಕೆಳಗಿನದು ನಾಲ್ಕು ಸಾವಿರದ ಚಿಲ್ಲರೆ. ಸುನಿತಾ ದಿನಕ್ಕೆ ಹತ್ತು ಸಲ ಹೇಳುವ ಪಾಠವನ್ನು ಹನ್ನೊಂದನೇ ಸಲ ಹೇಳಿದಳು. ಮೇಲಿನದರಲ್ಲಿ ನೀವು ಹಾಕಿದ ಚೆಕ್ಕಿನ ದುಡ್ಡೂ ಸೇರಿದೆ, ಅದು ಇನ್ನೂ ಆ ಬ್ಯಾಂಕಿನಿಂದ ಬಂದಿಲ್ಲ. ಕೆಳಗಿನದಷ್ಟೇ ಇವತ್ತು ನಿಮ್ಮ ಕೈಗೆ ಸಿಗುವುದು. ಚೆಕ್ಕನ್ನು ಯಾವಾಗ ಹಾಕಿದಿರಿ ಎಂದು ಕೇಳಿದಳು.

ಶುಕ್ರವಾರ ಸಂಜೆ, ಅಮಾವಾಸ್ಯೆ ದಿನ, ಅಂದ. ಅಮಾವಾಸ್ಯೆಗೆ ಮರಗೆಲಸದ ಆಚಾರಿಗಳು ಉಳಿ ಮುಟ್ಟುವುದಿಲ್ಲ, ಆದ್ದರಿಂದ ಬ್ಯಾಂಕು, ಪೇಟೆಯ ಕೆಲಸವೆಲ್ಲ ಅವತ್ತೇ. ಈ ಸಲ ಅದರ ಮಾರನೇ ದಿನ ಎರಡನೇ ಶನಿವಾರ ಬಂದಿತ್ತು, ಆಮೇಲೆ ಭಾನುವಾರ. ಖಾತೆಯ ಲೆಕ್ಕಕ್ಕೆ ಸೇರಿದ್ದ ಚೆಕ್ಕು ಆ ಬ್ಯಾಂಕಿಗೆ ಹೋಗದೆ ಇಲ್ಲೇ ಉಳಿದಿತ್ತು, ಇವನು ಮೇಲಿನ ಅಂಕಿ ನಂಬಿ ತೇಗದ ಮರಕ್ಕೆ ಚೆಕ್ಕು ಬರೆದುಕೊಟ್ಟುಬಿಟ್ಟಿದ್ದ. ಅದಕ್ಕೆ ದಂಡ ಬೇರೆ, ಐನೂರ ತೊಂಬತ್ತು ರೂಪಾಯಿ.

ಅವನ ಕೋಪ ಅಷ್ಟರಲ್ಲಿ ಇಳಿದುಹೋಯಿತು. ತಪ್ಪು ತನ್ನದು ಎಂದು ತಿಳಿದ ಕೂಡಲೇ ಸುಮ್ಮನಾಗುವ ಗಂಡಸನ್ನು ಆ ಕೌಂಟರು ಅಷ್ಟಾಗಿ ಕಂಡಿರಲಿಲ್ಲ. ಅವನ ಹೆಸರು ರಘುನಂದನ್, ನಾಗಮಂಗಲದ ರಸ್ತೆಯಲ್ಲಿ ಬಾಗಿಲು ಕಿಟಕಿ ಮಾಡುವ ಅಂಗಡಿ. ಹೋಗುವಾಗ ಹುಬ್ಬಿನ ಪುಡಿ ಒರೆಸಿಕೊಳ್ಳಲು ಹೇಳೋಣವೆಂದು ಅವಳ ನಾಲಗೆಯ ತುದಿಗೆ ಬಂತು. ಹೇಳಲಿಲ್ಲ. ಅವನು ಹೋದ ಮೇಲೆ ಯಾಕೆ ಹೇಳಲಿಲ್ಲ ಎಂದು ಮನೆಗೆ ಹೋಗುವ ಬಸ್ಸಿನಲ್ಲಿ ಪಾಂಡವಪುರದವರೆಗೂ ಯೋಚಿಸಿದಳು.

ಮುಂದಿನ ಅಮಾವಾಸ್ಯೆಗೆ ಅವನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಚೆಕ್ಕನ್ನು ಬೆಳಿಗ್ಗೆಯೇ ತಂದ. ಅದರ ಮುಂದಿನದಕ್ಕೆ ಓವರ್‌ಡ್ರಾಫ್ಟ್ ಅಂದರೇನು ಎಂದು ಕೇಳಿದ. ಬ್ಯಾಂಕು ಒಂದು ಮಿತಿ ಕೊಡುತ್ತದೆ, ನಿಮ್ಮ ದುಡ್ಡು ಮುಗಿದರೂ ಅಲ್ಲಿಯತನಕ ತೆಗೆಯಬಹುದು, ತೆಗೆದಷ್ಟಕ್ಕೆ ದಿನಲೆಕ್ಕದ ಬಡ್ಡಿ, ಆದರೆ ಅದು ನಿಮ್ಮ ದುಡ್ಡಲ್ಲ, ಎಂದಳು ಸುನಿತಾ. ಅವನು ಗಾಜಿಗೆ ಹತ್ತಿರ ಬಗ್ಗಿ, ಕಣ್ಣಲ್ಲೇ ನಗುತ್ತ ಕೇಳಿದ.

"ನೀವ್ ತಗಂಡಿದ್ದೀರಾ ಮೇಡಂ?"

ಅವಳು ತಲೆ ಎತ್ತದೆ ಮುಂದಿನವರನ್ನು ಕರೆದಳು.

ತೆಗೆದುಕೊಂಡಿದ್ದಳು. ಬ್ಯಾಂಕು ತನ್ನ ನೌಕರರಿಗೆ ಕೊಡುವ ಓವರ್‌ಡ್ರಾಫ್ಟು, ಅವರ ಬಾಯಲ್ಲಿ 'ಓಡಿ'. ಮಿತಿ ನಾಲ್ಕು ಲಕ್ಷ, ಅದರಲ್ಲಿ ಮೂರು ಎಪ್ಪತ್ತು ಆಗಲೇ ತೆಗೆದಾಗಿತ್ತು. ತಂಗಿ ಮೇಘನಳ ಮದುವೆ, ಅಪ್ಪನ ಆಪರೇಷನ್ನು, ತಮ್ಮ ಧರ್ಮೇಂದ್ರನ ಟ್ರಾಕ್ಟರು. ತಿಂಗಳ ಕೊನೆಗೆ ಸಂಬಳ ಬಂದು ಆ ಗುಂಡಿಗೆ ಬೀಳುತ್ತಿತ್ತು, ಐದನೇ ತಾರೀಕಿಗೆ ಗುಂಡಿ ಮತ್ತೆ ಅಷ್ಟೇ ಆಳವಾಗಿರುತ್ತಿತ್ತು. ಹುಡುಗಿ ನೋಡಲು ಬಂದವರಿಗೆಲ್ಲ ಅವ್ವ ಜಯಲಕ್ಷ್ಮಮ್ಮ ಕಾಫಿ ಕೊಡುತ್ತಲೇ, ಇನ್ನೂ ನಾಲ್ಕು ವರ್ಷ ಇವಳ ಸಂಬಳ ಮನೆಗೇ ಬರಬೇಕು ಅನ್ನುತ್ತಿದ್ದಳು. ಕಾಫಿ ಕುಡಿದವರು ಎದ್ದು ಹೋಗುತ್ತಿದ್ದರು. ಸುನಿತಾಳಿಗೆ ಮೂವತ್ತಮೂರು ತುಂಬಿತ್ತು. ಮದುವೆಯಾಗಲಿಲ್ಲ ಎಂಬ ದುಃಖಕ್ಕಿಂತ ಲೋಟ ತೊಳೆಯುವ ಆಯಾಸವೇ ಅವಳಿಗೆ ಹೆಚ್ಚಾಗಿತ್ತು.

ಅವನು ಒಂದು ದಿನ ಕಾಲ್ಮಣೆ ತಂದ. ಕೌಂಟರಿನ ಕುರ್ಚಿ ಎತ್ತರ, ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ. ಏಳು ವರ್ಷ ಇಡೀ ಬ್ಯಾಂಕು ನೋಡದ್ದನ್ನು ಅವನು ಕೌಂಟರಿನ ಪಕ್ಕದ ಸಂದಿನಿಂದ ನೋಡಿದ್ದ, ಅಳತೆಯನ್ನು ಕಣ್ಣಲ್ಲೇ ತೆಗೆದಿದ್ದ. ಅದರ ಮೇಲೆ ಪಾದ ಊರಿದಾಗ ಬೆನ್ನಿನಲ್ಲಿ ಎಂಥದೋ ಬಿಗಿ ಸಡಿಲಿ, ಅವಳಿಗೆ ಅಳು ಬಂದಂತಾಯಿತು. ಬೆಲೆ ಎಷ್ಟು ಎಂದು ಕೇಳಿದರೆ ಅವನು ಹೇಳಲಿಲ್ಲ. ಋಣ ಬೇಡವೆಂದು ಅಂಗಡಿಯ ಕಾರ್ಡಿನಲ್ಲಿದ್ದ ನಂಬರಿಗೆ ಮೊಬೈಲಿನಿಂದ ಆರುನೂರು ಕಳಿಸಿದಳು. ಪೆಂಡಿಂಗ್ ಎಂದು ಬಂತು. ಪೆಂಡಿಂಗ್ ಅಂದರೆ ಮತ್ತೆ ಕಳಿಸಬೇಡಿ, ಕಾಯಿರಿ, ಎಂದು ತಾಲ್ಲೂಕಿಗೆಲ್ಲ ಹೇಳುತ್ತ ಬಂದವಳು ಐದು ನಿಮಿಷ ಕಾಯದೆ ಮತ್ತೆ ಆರುನೂರು ಕಳಿಸಿದಳು. ಸಂಜೆಯೊಳಗೆ ಎರಡೂ ಅವನಿಗೆ ತಲುಪಿದವು.

ಬಸ್ ಸ್ಟ್ಯಾಂಡಿನಲ್ಲಿ ಪಾಂಡವಪುರದ ಬಸ್ಸಿಗೆ ನಿಂತಿದ್ದಾಗ ಅವನು ಬಂದ. ಸಾವಿರದ ಇನ್ನೂರು ವಾಪಸ್ ಹಾಕುತ್ತೇನೆ ಎಂದು ಫೋನು ತೆಗೆದ.

"ಅಕೌಂಟಿಗೆ ಹಾಕ್ಬೇಡಿ," ಅಂದುಬಿಟ್ಟಳು. "ಹಾಕಿದ್ರೆ ಓಡಿ ನುಂಗ್ಕೊಳುತ್ತೆ."

ಬಾಯಿಂದ ಬಿದ್ದ ಮೇಲೆ ಮುಚ್ಚಿಡುವುದೇನು? ಮೇಘನ, ಆಪರೇಷನ್ನು, ಟ್ರಾಕ್ಟರು, ಕಾಫಿ ಕುಡಿದು ಎದ್ದುಹೋದವರು, ಎಲ್ಲ ಹೇಳಿದಳು. ಬರುವ ಭಾನುವಾರ ಇನ್ನೊಂದು ಕಡೆಯವರು ಬರುತ್ತಾರೆ ಎಂಬುದನ್ನೂ ಹೇಳಿದಳು. ಅವನು ಅಷ್ಟನ್ನೂ ಕೇಳಿ, ಅದರಲ್ಲಿ ನಿಮಗೆ ಅಂತ ಎಷ್ಟು ತೆಗೆದಿರಿ ಎಂದ. ಅವಳು ನಿಜವಾಗಿ ಲೆಕ್ಕ ಹಾಕಿದಳು. ಒಂದು ಜೊತೆ ಚಪ್ಪಲಿ ನೆನಪಾಯಿತು, ಅದೂ ಮೇಘನಳ ಮದುವೆಗೆ.

"ನಿಮ್ ಸಂಬ್ಳ ನಂಗ್ ಬ್ಯಾಡ," ಅಂದ ರಘುನಂದನ್. ಮಾತು ತಡವರಿಸುತ್ತಿತ್ತು, ಕಣ್ಣು ಮಾತ್ರ ಅವಳನ್ನು ಬಿಟ್ಟು ಕದಲಲಿಲ್ಲ. "ಅದೇನಾಗ್ಬೇಕೋ ನೀವೇ ನೋಡ್ಕಳಿ. ನಂಗೆ ಸಾರು ಮುದ್ದೆ ಮಾಡಕ್ ಬತ್ತದೆ. ಸಾಯಂಕಾಲ ನೀವ್ ಬಂದು ಸುಮ್ನೆ ಕೂತ್ಕಂಡ್ರೆ ಸಾಕು. ನಿಮ್ಮನ್ನ ಕೂರ್ಸಿ ನೋಡ್ಬೇಕು ಅನ್ನಿಸ್ತದೆ ನಂಗೆ."

ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಅವಳು ಆಸೆಪಟ್ಟದ್ದೂ ಇದೊಂದನ್ನೇ ಎಂದು ಆ ಕ್ಷಣಕ್ಕೆ ತಿಳಿಯಿತು. ನನಗೆ ನೀವು ಇಷ್ಟ, ಆದರೆ ಇಷ್ಟಪಡುವುದಕ್ಕೂ ಆಗದಷ್ಟು ಸಾಕಾಗಿದೆ, ಎಂದಳು. ಅವನು ಕಲ್ಲುಬೆಂಚಿನ ಮೇಲಿನ ದೂಳನ್ನು ಕೈಯಿಂದ ಒರೆಸಿ ಜಾಗ ಮಾಡಿದ.

ಸುನಿತಾ ಕೂರುವ ಮುಂಚೆ ಅವ್ವನಿಗೆ ಫೋನು ಮಾಡಿದಳು. ಈಗ ಮಾಡದಿದ್ದರೆ ನಾಳೆ ಧೈರ್ಯ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅವ್ವಾ, ಭಾನುವಾರ ಅವ್ರನ್ನ ಬರಬ್ಯಾಡಿ ಅನ್ನು. ಇಲ್ಲೊಬ್ರು ಅವ್ರೆ. ಆಚಾರಿಗಳು. ನಾನು ಒಪ್ಕಂಡಿದೀನಿ."

ಅತ್ತ ಕಡೆಯಿಂದ ಅವಳು ನಿರೀಕ್ಷಿಸಿದ ಒಂದೊಂದೇ ಮಾತು ಬಂತು. ಜನ ಏನಂದಾರು, ನಿಮ್ಮಪ್ಪ ಏನಂದಾರು, ಟ್ರಾಕ್ಟರಿನ ಕಂತು ಯಾರು ಕಟ್ಟಬೇಕು.

"ಟ್ರಾಕ್ಟರು ಓಡ್ಸೋನು ಧರ್ಮೇಂದ್ರ. ಕಂತೂ ಅವ್ನೇ ಕಟ್ಲಿ. ಅಪ್ಪನ ಔಷಧಿಗೆ ನಾನ್ ಕೊಡ್ತೀನಿ. ಮಿಕ್ಕಿದ್ದು ನನ್ ಕೈಲಿ ಇನ್ನಾಗಕಿಲ್ಲ ಕಣವ್ವಾ."

ಜಯಲಕ್ಷ್ಮಮ್ಮ ಬೈಯಲಿಲ್ಲ. ತೀರ ಸಣ್ಣ ದನಿಯಲ್ಲಿ ಅಂದಳು:

"ಏಳ್ ವರ್ಸದಲ್ಲಿ ಒಂದ್ ದಿನಾನೂ ಆಗಕಿಲ್ಲ ಅನ್ನಲಿಲ್ವಲ್ಲವ್ವಾ ನೀನು. ಆಯ್ತದೆ ಅಂತ್ಲೇ ಅನ್ಕಂಡ್ಬುಟ್ಟಿದ್ದೆ."

ಸುನಿತಾ ಫೋನು ಇಟ್ಟು ಬೆಂಚಿನ ಮೇಲೆ ಕೂತಳು. ಪಾಂಡವಪುರದ ಬಸ್ಸು ಬಂದು, ಕಂಡಕ್ಟರು ಕೂಗಿ ಕೂಗಿ, ಹೊರಟುಹೋಯಿತು. ಮುಂದಿನದು ಏಳೂಕಾಲಕ್ಕೆ. ಅವ್ವ ಏನಂದರು ಎಂದು ರಘುನಂದನ್ ಕೇಳಿದ. ಹೇಳುತ್ತೇನೆ, ಸ್ವಲ್ಪ ತಾಳಿ, ಎಂದವಳು ಅವನ ಭುಜಕ್ಕೆ ತಲೆ ಆನಿಸಿದಳು. ಬ್ಯಾಂಕಿನ ಗಿರಾಕಿಗಳು ಅರ್ಧಕ್ಕರ್ಧ ಆ ಬಸ್ ಸ್ಟ್ಯಾಂಡಿನಲ್ಲೇ ಇದ್ದರು, ತಿರುತಿರುಗಿ ನೋಡಿದರು. ಅವನು ಭುಜ ಅಲುಗದಂತೆ ನೆಟ್ಟಗೆ ಕೂತ. ಹೇಳುತ್ತೇನೆ ಎಂದವಳು ಅಷ್ಟರಲ್ಲೇ ನಿದ್ದೆ ಹೋಗಿದ್ದಳು.