ಎಡಕ್ಕೆ ಎಳೆಯುವ ಕಾರು

ಕುನಾಲ ಗಂಟಿಗೆ ಬರಿಗೈ ಹಾಕಿಯೇಬಿಟ್ಟ.

"ಏ ಏ, ಬಿಡೋ ಅದನ್ನ!" ವರ್ಕ್‌ಶಾಪಿನ ಮಾಲೀಕ ಬುರ್ಹಾನುದ್ದೀನ್ ಕೈಯಲ್ಲಿದ್ದ ಚಹಾ ಅರ್ಧ ನೆಲಕ್ಕೆ ಚೆಲ್ಲಿತು. "ಇಕ್ಕಳ ತಗೋ ಅಂದೆ ಇಲ್ಲೋ ಮಿಯಾ? ಕೈ ಹೋದ್ರ ಮಿಸ್ತ್ರಿ ಹೋದ!"

ಕಾರು ಜಾಕಿನ ಮೇಲಿತ್ತು. ಮುಂದಿನ ಎಡಗಡೆಯ ಗಾಲಿ ಬಿಚ್ಚಿ ಪಕ್ಕಕ್ಕೆ ಮಲಗಿಸಲಾಗಿತ್ತು. ಗಾಲಿ ಇದ್ದ ಪೊಳ್ಳಿನೊಳಗೆ, ಬ್ರೇಕಿನ ಹಿಂಬದಿಗೆ ಅಂಟಿಕೊಂಡಂತೆ, ಬಟ್ಟೆಯ ಗಂಟೊಂದನ್ನು ಯಾರೋ ತಂತಿಯಿಂದ ಬಿಗಿದಿದ್ದರು. ಬ್ರೇಕಿನ ಕಾವಿಗೆ ದಿನಾ ಬೆಂದು, ರಾತ್ರಿ ಆರಿ, ಮರುದಿನ ಮತ್ತೆ ಬೆಂದು ಅದು ಒಣರಕ್ತದ ಬಣ್ಣಕ್ಕೆ ತಿರುಗಿತ್ತು. ಹಿಸುಕಿದರೆ ಒಳಗೆ ಏನೋ ಮೆತ್ತಗೆ ಜಾರುತ್ತಿತ್ತು.

ಕುನಾಲ ಪುಣೆಯಲ್ಲಿ ಗಾಲಿ ನೆಟ್ಟಗೆ ಮಾಡುವ ಅಲೈನ್‌ಮೆಂಟ್ ಕೆಲಸ ಕಲಿತು ರಿಂಗ್ ರೋಡಿನ ಈ ವರ್ಕ್‌ಶಾಪಿಗೆ ಸೇರಿ ಮೂರು ವಾರವಾಗಿತ್ತು. ದೇವರು, ದೆವ್ವ, ಮಾಟ ಮೂರನ್ನೂ ಅಪ್ಪ ಹೊಸ್ತಿಲಾಚೆಗೇ ನಿಲ್ಲಿಸಿದ್ದ ಕುಸನೂರಿನ ಮನೆಯಲ್ಲಿ ಬೆಳೆದವನು. ಕಾರು ಜೇವರ್ಗಿ ಕಾಲೋನಿಯ ಕಾವೇರಿ ಮೇಡಂ ಅವರದು. ಕಮಲಾಪುರದ ಶಾಲೆಯೊಂದರ ಹೆಡ್‌ಮೇಡಂ ಆಕೆ. ದಿನಾ ಹೋಗಿ ಬರುವ ದಾರಿಯಲ್ಲಿ ಎರಡು ತಿಂಗಳಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ಟೈರಿನ ಗಾಳಿ ಸರಿಯಿತ್ತು. ಯಂತ್ರದ ಪರದೆಯ ಮೇಲೆ ಎಲ್ಲ ಅಂಕಿಯೂ ಹಸಿರು. ಕುನಾಲ ಎಡಗಾಲಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಓಡಿಸಿದ. ದೋಷ ಟೈರಿನದಾಗಿದ್ದರೆ ಎಳೆತವೂ ಅದರ ಬೆನ್ನುಹತ್ತಿ ಬಲಕ್ಕೆ ಹೋಗಬೇಕು. ಹೋಗಲಿಲ್ಲ. ಹಾಗಾದರೆ ಬ್ರೇಕು ಹಿಡಿದುಕೊಂಡಿದೆ ಎಂದು ಇವತ್ತು ಬೆಳಿಗ್ಗೆ ಮತ್ತೆ ಗಾಲಿ ಬಿಚ್ಚಿ ಬ್ರೇಕಿನ ಹಿಂದೆ ಇಣುಕಿದರೆ, ಗಾಲಿ ಬದಲಿಸುವಾಗ ಕಣ್ಣಿಗೆ ಬೀಳದ ಈ ಗಂಟು.

"ಭಾನಾಮತಿ ಅದು," ಬುರ್ಹಾನುದ್ದೀನ್ ಹತ್ತಿರ ಬರದೆ ಹೇಳಿದ. "ಇಂಥಾವು ನಾಕೈದು ನೋಡೀನಿ. ಇಕ್ಕಳದಾಗ ಹಿಡಿದು, ಡಬ್ಯಾಗ ಹಾಕಿ, ಗಾಡಿ ಮಾಲೀಕ್ರ ಕೈಯಾಗ ಕೊಡೋದು ನಮ್ ಪದ್ಧತಿ. ಕಟ್ಟಿದೋರೇ ಬಿಚ್ಚಬೇಕು. ನಡುವ ಬಾಯಿ ಹಾಕ್ದೋರಿಗಿ ಹತ್ತತದ."

"ಉಸ್ತಾದ್, ಗಂಟು ಬ್ರೇಕಿಗಿ ತಾಗ್ಯಾದ. ಬ್ರೇಕ್ ಹಿಡದದ. ಗಾಡಿ ಎಳದದ. ನಿಮ್ಮ ಭಾನಾಮತಿಗಿ ಗಾಲಿ ಕ್ಯಾಂಬರ್ ಎಷ್ಟ್ ಡಿಗ್ರಿ ಓರೆ ಇಡಲಿ, ಹೇಳ್ರಿ?"

ನಗುತ್ತಲೇ ಎಡಗೈಯಲ್ಲಿ ಗಂಟು ಹಿಡಿದು ಬ್ಲೇಡು ಎಳೆದ.

ಅದು ಪಚಕ್ಕನೆ ಒಡೆಯಿತು. ಉಗುರು ಸಮೇತದ ಕೋಳಿಕಾಲು, ಕರ್ರಗಾದ ನಿಂಬೆಹಣ್ಣು, ಅರೆಬೆಂದ ಮೊಟ್ಟೆ, ಅದರ ಹಳದಿಯಲ್ಲಿ ಮಿಸುಕಾಡುವ ಬಿಳಿ ಹುಳ. ಬೆಚ್ಚನೆಯ ಲೋಳೆ ಮಣಿಕಟ್ಟಿನಿಂದ ಇಳಿದು ಅಂಗಿಯ ತೋಳಿನೊಳಗೆ ಹೊಕ್ಕಿತು. ಸತ್ತ ಇಲಿಯನ್ನು ಎಣ್ಣೆಯಲ್ಲಿ ಕರಿದಂಥ ವಾಸನೆ. ಕುನಾಲ ಗೋಡೆ ಹಿಡಿದು ಕಕ್ಕಿದ. ಕಕ್ಕಿ ಬಾಯಿ ಒರೆಸಿಕೊಂಡು ಮತ್ತೆ ನಕ್ಕ. ಬುರ್ಹಾನುದ್ದೀನ್ ನಗಲಿಲ್ಲ. ಸಾಬೂನಿನ ಡಬ್ಬಿಯನ್ನು ಕಾಲಿನಿಂದ ಅವನತ್ತ ತಳ್ಳಿದ.

"ಇವತ್ತೊಂದ್ ದಿನ ಸ್ಟೇರಿಂಗ್ ಹಿಡೀಬ್ಯಾಡ," ಅಂದ.

ಕುನಾಲ ಕೈ ತೊಳೆದು, ಗಾಲಿ ಜೋಡಿಸಿ, ಕಾರನ್ನು ಜಾಕಿನಿಂದ ಇಳಿಸುವಷ್ಟರಲ್ಲಿ ಕಾವೇರಿ ಬಂದಳು. ಶಾಲೆಗೆ ಹೊತ್ತಾಗಿತ್ತು. ವಾಸನೆಗೆ ಮೂಗು ಮುಚ್ಚಿಕೊಂಡಳು.

"ಆಯ್ತೇನಪ್ಪ? ಮತ್ತ ಎಡಕ್ಕ ಎಳೀತಂದ್ರ ನಿನ್ನೇ ಎಳ್ಕೊಂಡು ಹೋಗ್ತೀನಿ ನೋಡು."

"ಕೂಡ್ರಿ ಮೇಡಂ. ಕಮಲಾಪುರದ ತನಕ ನಾನೇ ಹೊಡೀತೀನಿ. ಒಂದ್ ಕೂದಲೆಳೆ ಸರಿದ್ರೂ ಕೇಳ್ರಿ."

ಮಹಾಗಾಂವ ದಾಟುವವರೆಗೆ ಕಾರು ದಾರ ಹಿಡಿದಂತೆ ನೆಟ್ಟಗೆ ಓಡಿತು. ಖಾಲಿ ರಸ್ತೆ ಸಿಕ್ಕಲ್ಲಿ ಕುನಾಲ ಎರಡೂ ಕೈ ಬಿಟ್ಟು ತೋರಿಸಿದ. ನೆಟ್ಟಗೆ. ಕಾವೇರಿ ನಕ್ಕಳು. ಅವನು ಮತ್ತೆ ಸ್ಟೇರಿಂಗ್ ಹಿಡಿದ.

ಕಾರು ಎಡಕ್ಕೆ ವಾಲಿತು.

"ನೋಡಿದ್ಯಾ?" ಅಂದಳು ಕಾವೇರಿ.

ರಸ್ತೆಯ ಇಳುಕಲಿರಬೇಕು ಅಂದುಕೊಂಡ. ಕೈ ಬಿಟ್ಟ. ನೆಟ್ಟಗೆ. ಬಲಗೈ ಒಂದನ್ನೇ ಇಟ್ಟ. ನೆಟ್ಟಗೆ. ಎಡಗೈ ಇಟ್ಟ. ಎಡಕ್ಕೆ. ಕಲಿತ ವಿದ್ಯೆ ತಪ್ಪಲಿಲ್ಲ. ಬಲಗೈಯನ್ನು ಎಡಗೈ ಇದ್ದಲ್ಲಿ, ಎಡಗೈಯನ್ನು ಬಲಗೈ ಇದ್ದಲ್ಲಿ ಹಾಕಿದ. ಈ ಸಲ ಎಳೆತವೂ ಎಡಗೈಯ ಬೆನ್ನುಹತ್ತಿ ಬಲಕ್ಕೆ ಬಂತು. ದೋಷ ಕಾರಿನಲ್ಲಿರಲಿಲ್ಲ. ಅವನ ಎಡಗೈಯಲ್ಲಿತ್ತು.

ಸಾಬೂನು ಹಚ್ಚಿ ಮೂರು ಸಲ ತೊಳೆದ ಕೈಯಿಂದ ಅದೇ ವಾಸನೆ ಎದ್ದಿತು. ಉಗುರುಗಳ ಬುಡ ಕಪ್ಪಾಗಿತ್ತು. ಬೆರಳಿನ ಚರ್ಮ ಬೇಯಿಸಿದ ಟೊಮೆಟೊ ಸಿಪ್ಪೆಯಂತೆ ಸಡಿಲಾಗಿ, ಸ್ಟೇರಿಂಗಿಗೆ ಅಂಟಿ, ಎಳೆದರೆ ಎಳೆಎಳೆಯಾಗಿ ಬಂತು. ಅಂಗೈಯೊಳಗೆ ಏನೋ ಹೊರಳಿತು.

"ಗಾಡಿ ನಿಲ್ಸೋ!" ಕಾವೇರಿ ಚೀರಿದಳು.

ಬ್ರೇಕು ತುಳಿದ. ನಿಲ್ಲಲಿಲ್ಲ. ಕಮಲಾಪುರ ಬಂತು. ಕೆಂಪು ಬಾಳೆಹಣ್ಣಿನ ಗಾಡಿಗಳು. ಕಳಿತ ಹಣ್ಣಿನ ವಾಸನೆ, ಕೈಯ ವಾಸನೆ, ಎರಡೂ ಕಲೆತವು. ಬಲಗೈಯಿಂದ ಎಡಗೈಯನ್ನು ಕೀಳಹೋದ. ಬರಲಿಲ್ಲ. ಕಚ್ಚಿದ. ಬಾಯಿ ತುಂಬ ಲೋಳೆ. ಕೈ ತಿರುಗಿತು. ಕಾರು ತಿರುಗಿತು. ಓಣಿ. ಚರಂಡಿ. ಕೋಳಿಗಳು ಹಾರಿದವು. ತಗಡಿನ ಮನೆಯೊಂದರ ಮುಂದೆ ತಾನಾಗಿ ನಿಂತಿತು.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿಯನ್ನು ಕಂಡು ಕಾವೇರಿಯ ಮುಖ ಬಿಳಿಚಿತು. ಸಾಬಮ್ಮ. ಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು. ಎರಡು ತಿಂಗಳ ಹಿಂದೆ ಒಂದು ತಟ್ಟೆಯಲ್ಲಿ ಕೂದಲು ಸಿಕ್ಕಾಗ, ಮಕ್ಕಳೆಲ್ಲ ನೋಡುತ್ತಿರುವಂತೆ ಆ ತಟ್ಟೆಯನ್ನು ಕಾವೇರಿ ಅವಳಿಂದಲೇ ನೆಕ್ಕಿಸಿ ಮನೆಗೆ ಕಳಿಸಿದ್ದಳು.

ಕುನಾಲ ಕಾರಿನಿಂದ ಬಿದ್ದಂತೆ ಇಳಿದ. ಕೈ ಅವನನ್ನು ಎಳೆದು ಮುದುಕಿಯ ಕಾಲ ಬಳಿ ಕೆಡವಿತು.

"ಅಯ್ಯ ತಮ್ಮಾ, ನೀ ಯಾಕ ಮುಟ್ಟಿದಿ?" ಸಾಬಮ್ಮನ ದನಿಯಲ್ಲಿ ನಿಜವಾದ ಮರುಕವಿತ್ತು. "ನಾ ಕಟ್ಟಿದ್ದು ಬಾಯಾರಿಗಿ," ಎಂದು ಕಾರಿನಲ್ಲಿ ಕೂತ ಕಾವೇರಿಯತ್ತ ಕೈ ತೋರಿಸಿದಳು.

"ಬಿಚ್ರಿ ಅಮ್ಮಾ. ಕಾಲಿಗಿ ಬೀಳ್ತೀನಿ. ಈ ಕೈಲೇ ದುಡಿದು ಉಣ್ಣಬೇಕು ನಾ, ಕೈ ಹೋದ್ರ ಕೆಲಸಿಲ್ಲ."

ಅವಳು ಅಂಗಿಯ ತೋಳು ಸರಿಸಿ ನೋಡಿದಳು. ಕಪ್ಪು ಮುಂಗೈಯ ಅರ್ಧಕ್ಕೆ ಏರಿತ್ತು.

"ಮೊಣಕೈ ದಾಟಿದ್ರ ನನ್ನ ಕೈಲೂ ಆಗಂಗಿಲ್ಲ. ಬಿಚ್ಚಾಕ ಒಂದೇ ದಾರಿ ಅದ."

ಒಳಗೆ ಹೋಗಿ ಸ್ಟೀಲಿನ ತಟ್ಟೆ ತಂದಳು. ನಿನ್ನೆಯ ಅನ್ನ, ಹುಳಿತು ನೊರೆಯೆದ್ದ ಬೇಳೆಸಾರು. ಸೆರಗು ಸರಿಸಿ, ತಲೆಯಿಂದ ಎಣ್ಣೆಜಿಡ್ಡಿನ ನಾಲ್ಕು ಬಿಳಿಗೂದಲು ಕಿತ್ತು ಸಾರಿನ ಮೇಲೆ ಹಾಕಿದಳು. ಅವು ಸುರುಳಿ ಸುತ್ತಿಕೊಂಡು ತೇಲಿದವು. ತಟ್ಟೆಯನ್ನು ಕಾರಿನ ಕಿಟಕಿಗೆ ಹಿಡಿದಳು.

"ನಂದು ಹಿಂಗ ಬೆಳ್ಳಗ ಅದ ಬಾಯಾರ. ಅವತ್ತ ತಟ್ಟ್ಯಾಗ ಸಿಕ್ಕಿದ್ದು ಕರ್ರಗಿತ್ತು, ಉದ್ದಿತ್ತು. ಮಕ್ಕಳಿಗಿ ಬಡಿಸೂಕಿಂತ ಮೊದ್ಲು ರುಚಿ ನೋಡಾಕ ಸಾರಿನ ಪಾತೇಲಿ ಮ್ಯಾಲ ಬಗ್ಗಿದ್ದು ಯಾರಂತ ನಿಮಗಽ ಗೊತ್ತು. ನಾ ಉಂಡೀನಿ ನಿಮ್ಮದು. ಈಗ ನನ್ನದು ನೀವು ಉಣ್ರಿ. ಒಂದ್ ತುತ್ತು. ನಿಮಗೂ ಬಿಡ್ತು, ಆ ಹುಡುಗಗೂ ಬಿಡ್ತು."

ಕಾವೇರಿ ತಟ್ಟೆಯನ್ನು ನೋಡಿದಳು. ಸಾರಿನ ನೊರೆ ಮೆಲ್ಲಗೆ ಒಡೆಯುತ್ತಿತ್ತು. ಒಂದು ಕೂದಲು ಅನ್ನದ ಅಗುಳನ್ನು ಅಪ್ಪಿಕೊಂಡಿತ್ತು.

"ಮೇಡಂ," ಕುನಾಲ ಕಿಟಕಿಯ ಅಂಚು ಹಿಡಿದ. ಎಡಗೈಯ ಹೆಬ್ಬೆರಳಿನ ಉಗುರು ಕಳಚಿ ಅವಳ ಮಡಿಲಿಗೆ ಬಿತ್ತು. ಉಗುರಿದ್ದ ಕುಳಿಯಿಂದ ಬಿಳಿ ಹುಳವೊಂದು ತಲೆಯೆತ್ತಿ ಎಡಕ್ಕೆ ಹೊರಳಿತು. "ಒಂದ್ ತುತ್ತು ಮೇಡಂ. ಕಣ್ಣ್ ಮುಚ್ಕೊಂಡು. ನಿಮ್ಮ ಗಾಡಿಗಾಗೇ ಮುಟ್ಟೀನಿ ನಾ ಅದನ್ನ. ಏರಾಕತ್ತಾದ. ನೋಡ್ರಿ. ಮೊಣಕೈಗಿ ಎರಡಽ ಬೆರಳು ಅದ."

ಕಾವೇರಿ ಮಡಿಲಿನ ಉಗುರನ್ನು ಕರವಸ್ತ್ರದಲ್ಲಿ ಹಿಡಿದು ಹೊರಗೆ ಒಗೆದಳು. ಕಿಟಕಿಯ ಗಾಜು ಏರಿಸತೊಡಗಿದಳು.

"ನಾ ವಲ್ಲೆ," ಅಂದಳು.