ವ್ಯೂಫೈಂಡರ್ ತುಂಬಾ ಕಂಡ ಮುಖ

"ನನ್ ಕೆಲ್ಸ ಕಿತ್ಕೊಂಡು ಇಲ್ಲಿ ಆರಾಮಾಗಿ ಕೂತಿದೀರಾ?"

ತರೀಕೆರೆ ಬಸ್ ಸ್ಟ್ಯಾಂಡ್ ಪಕ್ಕದ ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ ಶಶಿಧರ ಬೆಚ್ಚಿ ತಲೆಯೆತ್ತಿದ. ಎದುರಿಗೆ ಅಜ್ಜಂಪುರದ ವಿದ್ಯಾಶ್ರೀ... ಕೈಯಲ್ಲಿ ಡಿಜಿಟಲ್ ಕ್ಯಾಮೆರಾ, ಕಣ್ಣಲ್ಲಿ ಕೆಂಡದಂಥ ಕೋಪ!

ಚಿಕ್ಕಪ್ಪ ಜಯದೇವಪ್ಪನವರ ಸ್ಟುಡಿಯೋದಲ್ಲಿ ಮದುವೆ ಫೋಟೋ ತೆಗೆಯುವವಳು ಅವಳು. ತೀರಿಹೋದ ಅಪ್ಪನ ಹಳೇ ಲೆನ್ಸ್ ಎಂದರೆ ಪ್ರಾಣ. ಅದನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡುತ್ತಿದ್ದಳು. ಆದರೆ ಈಚೆಗೆ ಈ ಹೊಸ ಡಿಜಿಟಲ್ ಬಂದ ಮೇಲೆ ಮೂರು ಮದುವೆಗಳ ಫೋಟೋ ಮಸುಕಾಗಿ ಬಂದಿದ್ದವು.

ಕಳೆದ ವಾರ ಕಡೂರಿನ ಛತ್ರದಲ್ಲಿ ವಿಡಿಯೋ ತೆಗೆಯಲು ಬಂದಿದ್ದ ಶಶಿಧರ, "ಇವ್ರಿಗೆ ಆ ಕ್ಯಾಮೆರಾ ಕೊಡ್ಬೇಡಿ" ಎಂದು ಚಿಕ್ಕಪ್ಪನಿಗೆ ಹೇಳಿದ್ದನ್ನು ಅವಳೇ ಕೇಳಿಸಿಕೊಂಡಿದ್ದಳು.

ಮರುದಿನ ಚಿಕ್ಕಪ್ಪ, "ನಿನ್ ಕಣ್ಣು ಸರಿಯಿಲ್ಲ ಕಣಮ್ಮ, ಆಲ್ಬಂ ಕೆಲ್ಸ ನೋಡ್ಕೊ" ಎಂದುಬಿಟ್ಟರು. ಅದನ್ನೆಲ್ಲ ಅವಳು ಒಂದೇ ಉಸಿರಿಗೆ ಶಶಿಧರನ ಮುಂದೆ ಸುರಿದಳು.

"ಅಯ್ಯೋ, ನಿಮ್ ಕಣ್ಣಿನ ಮಾತು ನಾನೆಲ್ಲಿ ಆಡ್ದೆ? ಕ್ಯಾಮೆರಾ ನಿಮ್ ಲೆನ್ಸಿಗೆ ಸರಿಹೋಗಲ್ಲ ಅಂದೆ ಕಣ್ರೀ!"

ಅವನು ಪುಸ್ತಕದ ಸಮೇತ ಒಂದು ಫಿಲ್ಮ್ ಕ್ಯಾಮೆರಾ ತೆಗೆದು, ಅವಳ ಲೆನ್ಸನ್ನೇ ಹಾಕಿಕೊಟ್ಟ. ವಿದ್ಯಾಶ್ರೀ ಅದರ ವ್ಯೂಫೈಂಡರಿಗೆ ಕಣ್ಣಿಟ್ಟಳು.

ಅಬ್ಬಾ! ಕಿರಿದಾದ ಕಿಂಡಿಯಿಂದ ಹೊರಬಂದು ಹೆಬ್ಬಾಗಿಲಲ್ಲಿ ನಿಂತಂತಿತ್ತು.

"ಎರಡರ ಪುಸ್ತಕದಲ್ಲೂ ಮ್ಯಾಗ್ನಿಫಿಕೇಶನ್, ಅಂದ್ರೆ ಒಳಗೆ ಎಷ್ಟು ದೊಡ್ದಾಗಿ ಕಾಣುತ್ತೆ ಅನ್ನೋದು, 0.85 ಅಂತಾನೇ ಇದೆಯಲ್ರೀ?"

"ಎರಡನ್ನೂ ಐವತ್ತು ಎಂಎಂ ಲೆನ್ಸ್ ಹಾಕೇ ಅಳೀತಾರೆ. ಆದ್ರೆ ನಿಮ್ ಡಿಜಿಟಲ್‌ನ ಚಿತ್ರ ಬೀಳೋ ಸೆನ್ಸರ್ ಫಿಲ್ಮಿಗಿಂತ ಒಂದೂವರೆ ಪಟ್ಟು ಚಿಕ್ದು. ಒಂದೂವರೆಯಿಂದ ಭಾಗಿಸಿ, 0.57 ಆಯ್ತು. ಗಂಡು ಹೆಣ್ಣು ಇಬ್ರನ್ನೂ ಹಿಡಿಸ್ಬೇಕು ಅಂದ್ರೆ ಹಿಂದಕ್ಕೆ ಹೋಗ್ತೀರಿ, ಮುಖ ಅಷ್ಟು ಚಿಕ್ದಾಗುತ್ತೆ. ಫೋಕಸ್ ಹೇಗ್ರೀ ಕಾಣುತ್ತೆ?"

'ಹಾಗಾದರೆ... ನನ್ನ ಕಣ್ಣಿಗೆ ಏನೂ ಆಗಿಲ್ಲ!'

ಒಂದು ವಾರದಿಂದ ತಡೆದಿದ್ದ ಅಳು ಅಲ್ಲೇ ಒಡೆಯಿತು. ಶಶಿಧರ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

"ಈ ಕ್ಯಾಮೆರಾ ತಗೊಂಡ್ಹೋಗಿ. ನಿಮ್ ಚಿಕ್ಕಪ್ಪನ ಬಾಯಿ ಮುಚ್ಸಿ!"

ಮುಂದಿನ ಭಾನುವಾರ ಯಗಟಿಯಲ್ಲಿ ಮದುವೆ. ಚಿಕ್ಕಪ್ಪ ತಾವೇ ಡಿಜಿಟಲ್ ಹಿಡಿದು ಮುಂದೆ ನಿಂತರು. ವಿಡಿಯೋಗೆ ಶಶಿಧರನೇ ಬಂದಿದ್ದ.

"ಮೂವತ್ತಾರೇ ಫೋಟೋ ಬರೋ ಡಬ್ಬ ಹಿಡ್ಕೊಂಡು ಏನ್ ಮಾಡ್ತೀಯಮ್ಮ?" ಎಂದು ನಕ್ಕರು ಚಿಕ್ಕಪ್ಪ.

ವಿದ್ಯಾಶ್ರೀ ಅಪ್ಪನ ಲೆನ್ಸ್ ತಿರುಗಿಸಿದಳು. ಮದುಮಗಳು ಕಾಲಿಗೆ ಬಿದ್ದಾಗ ಅವಳ ಮುತ್ತಜ್ಜಿ ದುರ್ಗಮ್ಮ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಆ ಸುಕ್ಕು, ಆ ಹನಿ, ಎಲ್ಲ ವ್ಯೂಫೈಂಡರ್ ತುಂಬಾ ನಿಚ್ಚಳ! ಕ್ಲಿಕ್!

ಫಿಲ್ಮ್ ತೊಳೆದು ಬಂದ ದಿನ ಚಿಕ್ಕಪ್ಪ ಪ್ರಿಂಟುಗಳನ್ನು ಒಂದೊಂದಾಗಿ ನೋಡಿದರು. ಮೂವತ್ತಾರಕ್ಕೆ ಮೂವತ್ತಾರೂ ಸ್ಪಷ್ಟ! ಮುತ್ತಜ್ಜಿಯ ಫೋಟೋವನ್ನು ಬೆಳಕಿಗೆ ಹಿಡಿದರು.

"ಅಣ್ಣ ಇದನ್ನ ನೋಡ್ಬೇಕಿತ್ತು... ನನ್ನಿಂದ ತಪ್ಪಾಯ್ತು ಕಣಮ್ಮ. ಇನ್ಮೇಲೆ ಎಲ್ಲಾ ಮದ್ವೆಗೂ ನೀನೇ ಮುಂದೆ ನಿಲ್ಬೇಕು!"

ಗೆದ್ದಿದ್ದಳು! ಎದೆ ತುಂಬಿ ಬಂದರೂ ಒಂದು ಪ್ರಿಂಟನ್ನು ಮಾತ್ರ ಬ್ಯಾಗಿಗೆ ಸೇರಿಸಿ, ಅವಳು ತರೀಕೆರೆ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅದನ್ನು ಶಶಿಧರನ ಮುಂದಿಟ್ಟಳು. ಅದರಲ್ಲಿದ್ದವನು ಅವನೇ.

"ವಿಡಿಯೋದವ್ರು ಮದುಮಗಳನ್ನ ನೋಡ್ಬೇಕು. ನೀವ್ಯಾಕ್ರೀ ನನ್ನೇ ನೋಡ್ತಿದ್ರಿ?"

ಶಶಿಧರನ ಕಿವಿ ಕೆಂಪಾಯಿತು.

"ಕಡೂರಲ್ಲೂ ನಿಮ್ಮನ್ನೇ ನೋಡ್ತಿದ್ದೆ. ಅದಕ್ಕೇ ನೀವು ಫೋಕಸಿಗೆ ಒದ್ದಾಡೋದು ಗೊತ್ತಾಗಿದ್ದು... ವಿದ್ಯಾ, ನನ್ನ ಮದ್ವೆ ಆಗ್ತೀರಾ?"

ಅವಳ ತುಟಿಯಂಚಿನಲ್ಲಿ ನಗು ಅರಳಿತು.

"ಆಗ್ತೀನಿ. ಆದ್ರೆ ನಮ್ ಮದ್ವೆ ಫೋಟೋ ಯಾರು ತೆಗೀತಾರೆ?"

"ಯಾರಾದ್ರೂ ತೆಗೀಲಿ ಬಿಡ್ರೀ... ಅವತ್ತು ನೀವು ನನ್ ಪಕ್ಕದಲ್ಲಿದ್ರೆ ಸಾಕು."