ಬೀದಿ ಕೊನೆಯ ಥಾಯ್ ಹೋಟೆಲು

“ಇಲ್ಲೂ ಬೇಡ. ಬರೀ ಸಪ್ಪೆ,” ಎಂದು ಆ ವಾರದ ಥಾಯ್ ಹೋಟೆಲಿನಲ್ಲಿ ಅವಳು ಚಮಚ ಕೆಳಗಿಟ್ಟಳು.

“ಇದು ಸಪ್ಪೆನಾ? ನನ್ನ ಕಿವೀಲಿ ಹೊಗೆ ಬರ್ತಿದೆ ನೋಡು, ಮೂಗು ಮೇಡಂ!”

ಅವಳು ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವವಳು. ಅವಳ ಮೂಗು ಒಪ್ಪದೆ ಒಂದು ಬಿಲ್ಲೆಯೂ ಅಲ್ಲಿಂದ ಹೊರಡುತ್ತಿರಲಿಲ್ಲ. ಊರಿನ ಥಾಯ್ ಹೋಟೆಲುಗಳನ್ನೆಲ್ಲ ಶನಿವಾರಕ್ಕೊಂದರಂತೆ ನೋಡಿ, ‘ನಮ್ಮದು’ ಎನ್ನಬಹುದಾದ ಒಂದನ್ನು ಆರಿಸಬೇಕೆಂಬುದು ಅವಳದೇ ಹಠ. ಆ ಹೋಟೆಲು ಸಿಕ್ಕ ದಿನ ಮದುವೆಯ ಮಾತೆತ್ತಬೇಕೆಂದು ಅವನು ಕಾದಿದ್ದ.

ಪ್ರತಿ ಸಲವೂ ಅವನು ಮೊದಲ ತುತ್ತು ತಿನ್ನುವಾಗ ಅವಳು ತನ್ನ ತಟ್ಟೆ ಮುಟ್ಟದೆ ಅವನ ಮುಖವನ್ನೇ ನೋಡುತ್ತಿದ್ದಳು. ಹುಬ್ಬು, ತುಟಿ, ಕಣ್ಣಿನ ಅಂಚು, ಒಂದನ್ನೂ ಬಿಡದೆ. ಅವನು ನಾಚಿ ನೀರು ಕುಡಿಯುತ್ತಿದ್ದ.

ಆದರೆ ಅವನು ಲಿಫ್ಟ್ ಮೆಕ್ಯಾನಿಕ್. ಎಲ್ಲೋ ಸಣ್ಣಗೆ ಕಿರುಗುಟ್ಟಿದರೂ ಮುಂದೆ ಏನು ಕೆಡಲಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಈಚೆಗೆ ಅವಳ ನಗುವಿನಲ್ಲೂ ಅಂಥದ್ದೊಂದು ಸದ್ದು ಕೇಳಿಸತೊಡಗಿತ್ತು.

ಮುಂದಿನ ಶನಿವಾರ ಬೀದಿಯ ಕೊನೆಯ ಪುಟ್ಟ ಹೋಟೆಲಿಗೆ ಹೋದರು. ದಪ್ಪ ಕನ್ನಡಕದ ಒಡತಿ ತಾನೇ ಸೂಪ್ ತಂದಿಟ್ಟಳು. ಒಂದು ಗುಟುಕಿಗೇ ಅವನ ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಎಷ್ಟೋ ದಿನದ ಹಸಿವು ಈಗ ಹಿಂಗಿದಂತೆ ಬಟ್ಟಲು ಖಾಲಿ ಮಾಡಿದಳು.

“ಆಂಟಿ, ಲೆಮನ್‌ಗ್ರಾಸ್ ಘಮ ಏನು ಚೆನ್ನಾಗಿದೆ! ನಾಳೆಗೂ ಒಂದಿಷ್ಟು ಕಟ್ಟಿಕೊಡಿ. ಲೋ, ಇದೇ ನಮ್ಮದು!”

ಒಡತಿ ಒಂದು ಕ್ಷಣ ತಡೆದು, “ಸಂತೋಷ ಮಗಳೇ,” ಎಂದಳು. ಹುಡುಗಿ ಕೈ ತೊಳೆಯಲು ಎದ್ದಾಗ ಮಾತ್ರ ಒಡತಿ ಅವನ ಬಳಿ ಬಗ್ಗಿ ಹೇಳಿದಳು: “ಇವತ್ತು ಲೆಮನ್‌ಗ್ರಾಸ್ ಬಂದೇ ಇಲ್ಲಪ್ಪ. ಬರೀ ನಿಂಬೆರಸ, ಮೆಣಸಿನಕಾಯಿ. ಅವಳ ಮುಂದೆ ಹೇಳೋಕೆ ಬಾಯಿ ಬರಲಿಲ್ಲ.”

ಅವನು ಅವಳ ಖಾಲಿ ಬಟ್ಟಲನ್ನೇ ನೋಡಿದ. ಅಂದು ಮದುವೆಯ ಮಾತೆತ್ತಲಿಲ್ಲ.

ಮರುದಿನ ಸಂಜೆ ಅವನು ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದ. ತಿರುವಿನಲ್ಲೇ ಗ್ಯಾಸಿನ ವಾಸನೆ. ಬಾಗಿಲ ಬಳಿ ಅದು ಮೂಗಿಗೆ ಅಡರಿತು. ಒಳಗೆ ಅವಳು ಹಾಡು ಗುನುಗುತ್ತಿದ್ದಳು. ಬೆಲ್ಲಿನತ್ತ ಹೋದ ಕೈಯನ್ನು ಅವನು ಹಿಂದಕ್ಕೆಳೆದುಕೊಂಡ. ಆ ಗುಂಡಿಯ ಒಂದು ಕಿಡಿ ಸಾಕು.

ಆಮೇಲೆ ಒಳಗಿನಿಂದ ಬಂದ ಮಾತು: “ಅಯ್ಯೋ, ಒಲೆ ಯಾವಾಗ ಆರಿಹೋಯ್ತು? ಲೈಟರ್ ಎಲ್ಲಿಟ್ಟೆ?”

“ಹಚ್ಚಬೇಡ! ಲೈಟರ್ ಮುಟ್ಟಬೇಡ! ಬಾಗಿಲು ತೆಗಿ, ಹೊರಗೆ ಬಾ!”

ಅವಳು ಬಾಗಿಲು ತೆಗೆದಾಗ ಕೈಯಲ್ಲಿ ಲೈಟರ್ ಇತ್ತು. ಬಿಸಿಗಿಟ್ಟ ಸೂಪ್ ಉಕ್ಕಿ ಒಲೆಯನ್ನು ಆರಿಸಿತ್ತು. ಅವನು ಉಸಿರು ಬಿಗಿಹಿಡಿದು ಒಳಗೆ ಹೋಗಿ ಗ್ಯಾಸ್ ನಿಲ್ಲಿಸಿದ, ಕಿಟಕಿಗಳನ್ನು ತೆರೆದ. ಮರಳಿ ಬಂದಾಗ ಅವಳು ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು.

“ನಿನ್ನೆ ಸೂಪಲ್ಲಿ ಲೆಮನ್‌ಗ್ರಾಸೇ ಇರ್ಲಿಲ್ವಂತೆ. ಎಷ್ಟು ದಿನದಿಂದ?” ಎಂದ.

“ಬೇಸಿಗೆಯಿಂದ. ಒಂದು ಚೂರೂ ವಾಸನೆ ಬರ್ತಿಲ್ಲ. ಕೆಲಸದಲ್ಲಿ ಪಕ್ಕದ ಅಕ್ಕ ನನ್ನ ಪಾಲಿಂದೂ ಮೂಸಿ ಕಣ್ಣಲ್ಲೇ ಸನ್ನೆ ಮಾಡ್ತಾಳೆ. ಬೇರೆ ಊಟ ಎಲ್ಲಾ ಮಣ್ಣು ತಿಂದಂಗೆ. ಹುಳಿ, ಉಪ್ಪು, ಸಿಹಿ, ಖಾರ, ನಂಗೆ ಉಳಿದಿರೋದು ಇಷ್ಟೇ. ಥಾಯ್ ಅಡುಗೇಲಿ ಅವೆಲ್ಲ ಜೋರಾಗಿರುತ್ತೆ. ಮಿಕ್ಕಿದ್ದನ್ನ ನಿನ್ನ ಮುಖ ನೋಡಿ ತಿಳ್ಕೊಳ್ತಿದ್ದೆ.”

“ನಾನು ಅದನ್ನ ಪ್ರೀತಿ ಅಂದ್ಕೊಂಡಿದ್ನಲ್ಲೇ.”

“ಅದೂ ಇತ್ತು ಕಣೋ, ಪೆದ್ದ.” ಅವಳ ದನಿ ಕುಗ್ಗಿತು. “ಬುಧವಾರ ತಲೆ ಸ್ಕ್ಯಾನ್ ಇದೆ. ಒಳಗೆ ಏನೋ ಬೆಳೀತಿರಬಹುದು ಅಂತಾರೆ ಡಾಕ್ಟರು. ಭಯ ಆಗ್ತಿದೆ.”

ಅವನು ಅವಳ ಬೆರಳುಗಳಿಂದ ಲೈಟರ್ ಬಿಡಿಸಿ ತನ್ನ ಜೇಬಿಗೆ ಹಾಕಿಕೊಂಡ.

ಬುಧವಾರ ಸ್ಕ್ಯಾನ್ ಮುಗಿಸಿ ಅದೇ ಹೋಟೆಲಿಗೆ ಬಂದರು. ಸಂಜೆಯೊಳಗೆ ಡಾಕ್ಟರು ಫೋನ್ ಮಾಡುವವರಿದ್ದರು. ಹೊರಗೆ ಬೇಗ ಕತ್ತಲಾಗುತ್ತಿತ್ತು. ಕೇಳದಿದ್ದರೂ ಒಡತಿ ಅವಳ ಪಕ್ಕ ಒಂದು ಪುಟ್ಟ ತಟ್ಟೆ ಇಟ್ಟಳು. ಅದರಲ್ಲಿ ಹೆಚ್ಚಿನ ನಿಂಬೆ, ಮೆಣಸಿನಕಾಯಿ, ಕರುಂಕುರುಂ ಎನ್ನುವ ಹುರಿದ ಕಡಲೆಕಾಯಿ.

“ಇವತ್ತು ಲೆಮನ್‌ಗ್ರಾಸ್ ನಿಜವಾಗ್ಲೂ ಇದೆಯಾ?” ಅವಳು ಸೂಪಿನ ಬಟ್ಟಲ ಮೇಲೆ ಬಾಗಿದಳು. “ಹೇಗಿದೆ ಹೇಳು.”

ಮಾತಿನಲ್ಲಿ ಅವನು ಹಿಂದೆ. ಕಣ್ಣು ಮುಚ್ಚಿ ತಡವರಿಸಿದ. “ನಿಂಬೆ ಗಿಡದ ಕೆಳಗೆ ಯಾರೋ ಈಗ್ತಾನೆ ಹುಲ್ಲು ಕೊಯ್ದಂಗೆ... ಕೈ ಇನ್ನೂ ಒದ್ದೆ ಇದ್ದಂಗೆ.”

ಅವಳೂ ಕಣ್ಣು ಮುಚ್ಚಿದಳು. “ಇನ್ನೊಂದ್ಸಲ ಹೇಳು.”

ಮೇಜಿನ ಮೇಲೆ ಫೋನ್ ಗುರ್ರೆಂದಿತು. ಡಾಕ್ಟರು. ಅವಳು ಅದರತ್ತ ಕೈ ಚಾಚಿದಳು. ಅವನು ಆ ಕೈ ಹಿಡಿದುಕೊಂಡ.

“ತಡಿ. ಮೊದಲು ನನ್ನ ಮಾತು ಕೇಳು. ಆಮೇಲೆ ಹೇಳಿದ್ರೆ ಕನಿಕರಕ್ಕೆ ಹೇಳ್ದೆ ಅಂತೀಯ. ನನ್ನ ಮದುವೆ ಆಗ್ತೀಯಾ?”

ಫೋನ್ ಮೇಜಿನ ಮೇಲೆ ನಡುಗುತ್ತಾ ಅಂಚಿನತ್ತ ಸರಿಯುತ್ತಿತ್ತು. ಒಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು.

ಅವಳು ಎಂದಿನಂತೆ ಅವನ ಮುಖವನ್ನೇ ನೋಡಿದಳು. ಹುಬ್ಬು, ತುಟಿ, ಕಣ್ಣಿನ ಅಂಚು, ಒಂದನ್ನೂ ಬಿಡದೆ.

“ಹೂಂ,” ಎಂದಳು. “ಕೈ ಮಾತ್ರ ಬಿಡಬೇಡ.”

ಇನ್ನೊಂದು ಕೈಯಿಂದ ಫೋನ್ ಎತ್ತಿದಳು.